ವೆರ್ನಾ ಕೊಟ್ಟ ನಿಜವಾದ ಉತ್ತರ

ವೆರ್ನಾ ಕಿವೆಲಾಳ ಜೊತೆ ಗಡಿ ದಾಟುವುದೆಂದರೆ ಇಲ್ಲದ ತಲೆನೋವನ್ನು ಕೈಯಾರೆ ತಂದುಕೊಂಡ ಹಾಗೆ. ಒಮ್ಮೆ ನಾವಿಬ್ಬರೂ ಅಮೆರಿಕದ ಕಡೆ ಹೋಗಿ, ಅಂಗಡಿಗಳನ್ನೆಲ್ಲ ಸುತ್ತಿ, ಏನೂ ಕೊಳ್ಳದೆ ಕೆನಡಾದ ನಮ್ಮೂರು ಥಂಡರ್ ಬೇಗೆ ಮರಳುತ್ತಿದ್ದೆವು. ಗಡಿಯ ಅಧಿಕಾರಿ ಕಾರಿನ ಕಿಟಕಿಗೆ ಬಗ್ಗಿ, “ಏನಾದ್ರೂ ತಂದಿದೀರಾ?” ಎಂದ. “ಏನಿಲ್ಲ” ಎಂದು ಹೇಳಿ ಮುಂದೆ ಹೋಗಬೇಕಾದ ಪ್ರಶ್ನೆ ಅದು. ಈ ಮಹಾತಾಯಿ ಸ್ವಲ್ಪ ಹೊತ್ತು ಯೋಚಿಸಿದಳು. “ಅರ್ಧ ಸ್ಯಾಂಡ್‌ವಿಚ್ ಇದೆ. ಆದ್ರೆ ಅದನ್ನ ಬೆಳಿಗ್ಗೆ ಇಲ್ಲಿಂದಲೇ ತಗೊಂಡ್ಹೋಗಿದ್ದು. ಅದನ್ನ ತಂದಿದ್ದು ಅನ್ಬೇಕಾ, ವಾಪಸ್ ಬಂದಿದ್ದು ಅನ್ಬೇಕಾ, ನೀವೇ ಹೇಳಿ” ಎಂದಳು. ಅವನು ಕಾರನ್ನು ಪಕ್ಕಕ್ಕೆ ಹಾಕಿಸಿ ಸೀಟು ಎತ್ತಿ, ಡಿಕ್ಕಿ ತೆಗೆದು, ನನ್ನ ಕೈಚೀಲ ಸುರಿದು ನೋಡಿದ.

“ನಿನ್ನ ಸತ್ಯಕ್ಕಿಷ್ಟು ಬೆಂಕಿ ಬೀಳ” ಎಂದು ದಾರಿಯುದ್ದಕ್ಕೂ ಬೈದೆ.

“ಕೇಳಿದ್ರು, ಹೇಳ್ದೆ ಕಣೇ ನೆಟ್ಟಿ. ಕೇಳಿದ ಮೇಲೆ ಉತ್ತರ ನಿಜ ಇರ್ಬೇಕಲ್ವಾ?”

ಇವಳು ಹೀಗೇ. ಕಾಗದದ ಕಾರ್ಖಾನೆಯ ಕಚೇರಿಯಲ್ಲಿ ಗುಮಾಸ್ತೆಯಾಗಿದ್ದಳು. ಕಾರ್ಖಾನೆ ಮುಚ್ಚಿದಾಗ ನಲವತ್ತು ದಾಟಿತ್ತು. ಮಕ್ಕಳ ವಯಸ್ಸಿನವರ ಜೊತೆ ಕಾಲೇಜಿನ ಬೆಂಚಿನಲ್ಲಿ ಕೂತು ಪ್ರೋಗ್ರಾಮ್ ಬರೆಯುವುದನ್ನು ಕಲಿತಳು. ಅಲ್ಲಿಂದ ನೇರ ನಮ್ಮ ಕಚೇರಿಗೆ ಬಂದಳು. ಚಪ್ಪಲಿ ಅಂಗಡಿಯ ಮೇಲಿನ ಮಹಡಿ, ನಾಲ್ಕೇ ಜನ. ಯಜಮಾನ ಕರ್ಟಿಸ್ ಇನ್ನೂ ಹುಡುಗ, ಮೈತುಂಬ ಆತುರ. ನಾನು ಗಿರಾಕಿಗಳ ಫೋನು ಎತ್ತುವವಳು, ಬರೆದದ್ದು ಸರಿಯಿದೆಯೇ ಎಂದು ಒತ್ತಿ ತಟ್ಟಿ ನೋಡುವವಳು. ಹೊಸ ಆಪ್ ಹಾಕಿಕೊಳ್ಳುವಾಗ ಉದ್ದುದ್ದ ನಿಬಂಧನೆಗಳು ಬಂದು ‘ಓದಿದ್ದೇನೆ’ ಎಂದು ಗುರುತು ಹಾಕಲು ಹೇಳುತ್ತವಲ್ಲ, ಅದನ್ನು ನಿಜವಾಗಿ ಕೂತು ಓದಿದ ಒಬ್ಬಳೇ ಒಬ್ಬಳನ್ನು ನಾನು ಕಂಡಿದ್ದೇನೆ. ಅವಳು ವೆರ್ನಾ.

ನಮ್ಮ ಕೆಲಸವೇನೂ ದೊಡ್ಡ ಮಂತ್ರವಿದ್ಯೆಯಲ್ಲ. ಫೋನಿನಲ್ಲಿರುವ ಆಪ್ ಏನನ್ನೋ ಕೇಳುತ್ತದೆ. ನಮ್ಮ ಸರ್ವರ್ ಡೇಟಾಬೇಸಿನಲ್ಲಿ ಹುಡುಕಿ ಉತ್ತರ ಕಳಿಸುತ್ತದೆ. ಹಾಗೆ ಕೇಳಿ ಹೇಳುವ ಕಿಂಡಿಗೆ ಎಪಿಐ ಎನ್ನುತ್ತಾರೆ. ಡೇಟಾಬೇಸಿನ ಭಾಷೆ ಬೇರೆ, ನಾವು ಬರೆಯುವ ಭಾಷೆ ಬೇರೆ. ಆದ್ದರಿಂದ ನಡುವೆ ಒಂದು ದುಭಾಷಿ ಸಾಧನವನ್ನು ಕೂರಿಸಿರುತ್ತಾರೆ. ಓಆರ್‌ಎಂ ಎಂದು ಅದರ ಹೆಸರು. ‘ಒಂದು ಅಳತೆ ಎಂದರೆ ಒಂದು ಜಾಗ, ಒಂದು ದಿನಾಂಕ, ಒಂದು ದಪ್ಪ’ ಎಂದು ನಾವು ನಮ್ಮ ಭಾಷೆಯಲ್ಲಿ ಬರೆದರೆ ಸಾಕು, ಅದೇ ಹೋಗಿ ಡೇಟಾಬೇಸಿನಲ್ಲಿ ಅಂಕಣಗಳನ್ನು ಮಾಡಿಕೊಂಡು ಬರುತ್ತದೆ. ನಾವು ಬರೆದದ್ದನ್ನು ತಿದ್ದಿದರೆ ಅದೂ ಅಂಕಣಗಳನ್ನು ತಿದ್ದುತ್ತದೆ. ಅನುಮಾನ ಬಂದರೆ ಮಾತ್ರ ನಡುವೆ ನಿಂತು ಒಂದೆರಡು ಪ್ರಶ್ನೆ ಕೇಳುತ್ತದೆ.

ವೆರ್ನಾ ಕಟ್ಟಿದ್ದರಲ್ಲಿ ಅವಳಿಗೆ ಪ್ರಾಣದಷ್ಟು ಪ್ರೀತಿಯದು ಕೆಟಲ್ ಸರೋವರದ ಮಂಜುಗಡ್ಡೆಯ ಆಪ್. ನಮ್ಮಲ್ಲಿ ಚಳಿಗಾಲ ಬಂದರೆ ಅರ್ಧ ಊರು ಸರೋವರದ ಮೇಲೇ ಇರುತ್ತದೆ. ಗಡ್ಡೆಗೆ ತೂತು ಕೊರೆದು, ಗಾಳ ಇಳಿಬಿಟ್ಟು, ಬಕೆಟ್ ಬೋರಲು ಹಾಕಿಕೊಂಡು ಕೂರುತ್ತಾರೆ. ಮೀನುಗಾರರ ಸಂಘದವರು ಅಲ್ಲಲ್ಲಿ ಕೊರೆದು ದಪ್ಪ ಅಳೆದು ಆಪ್‌ಗೆ ಹಾಕುತ್ತಾರೆ. ಗಡ್ಡೆ ಗಟ್ಟಿಯಿದ್ದ ಜಾಗ ನಕ್ಷೆಯಲ್ಲಿ ಹಸಿರು, ಹುಷಾರಾಗಿರಬೇಕಾದ ಕಡೆ ಹಳದಿ, ಹೋಗಲೇಬಾರದ ಕಡೆ ಕೆಂಪು. ಹೊಳೆ ಬಂದು ಸರೋವರಕ್ಕೆ ಸೇರುವ ಬಾಯಿ ಇಡೀ ಚಳಿಗಾಲ ಕೆಂಪೇ. ಅಡಿಯಲ್ಲಿ ನೀರು ಹರಿಯುತ್ತಿರುವುದರಿಂದ ಅಲ್ಲಿ ಗಡ್ಡೆ ದಪ್ಪ ಕಟ್ಟುವುದೇ ಇಲ್ಲ.

ಈ ಆಪ್ ಅನ್ನು ನೋಡಿ ಮೊದಲು ನಕ್ಕವರು ವೆರ್ನಾಳ ಅಪ್ಪ ಓಲಾವಿ. ಮಗಳ ಮನೆಯಲ್ಲೇ ಕೆಳಗಿನ ಕೋಣೆಯಲ್ಲಿ ಇದ್ದಾರೆ. ಎಂಬತ್ತರ ಹತ್ತಿರ, ಜೊತೆಗೆ ಮುಸ್ತಿ ಎಂಬ ಕರಿ ನಾಯಿ. ಚಿಕ್ಕಂದಿನಲ್ಲಿ ಅವರ ಕಣ್ಣೆದುರೇ ಅವರ ಅಣ್ಣ ಗಡ್ಡೆ ಒಡೆದು ಒಳಗೆ ಹೋಗಿದ್ದ. ಅಂದಿನಿಂದ ಈ ಮನುಷ್ಯ ಕೈಯಲ್ಲಿ ಬೈರಿಗೆ ಇಲ್ಲದೆ ಸರೋವರದ ಮೇಲೆ ಕಾಲಿಟ್ಟವರಲ್ಲ. ಮೀನಿಗೆ ದೊಡ್ಡ ತೂತು ಕೊರೆಯುವ ಯಂತ್ರ ಹಿಮದ ಮೇಲೆ ಓಡಿಸುವ ಸ್ನೋಮೊಬೈಲ್ ಬಂಡಿಯಲ್ಲೇ ಇರುತ್ತಿತ್ತು, ಈ ಕೈ ಬೈರಿಗೆ ಗಡ್ಡೆಯ ದಪ್ಪ ನೋಡಲಿಕ್ಕೆಂದೇ. ಸ್ವಲ್ಪ ಹೋಗುವುದು, ಬೈರಿಗೆ ತಿರುಗಿಸಿ ಕೊರೆಯುವುದು, ಬೆರಳು ಹಾಕಿ ದಪ್ಪ ನೋಡುವುದು, ಮತ್ತೆ ಸ್ವಲ್ಪ ಹೋಗುವುದು. ಅವರ ಜೊತೆ ಮೀನಿಗೆ ಹೋದವರು ದಡದಲ್ಲೇ ಮುದುಕರಾಗುತ್ತಾರೆ ಎಂದು ಸಂಘದಲ್ಲಿ ಗೇಲಿ ಮಾಡುತ್ತಿದ್ದರು. ಬ್ಯಾಂಕನ್ನು ನಂಬದವರು, ಹವಾಮಾನ ವಾರ್ತೆಗೆ ಬೈಯುವವರು. “ಗಾಜಿನೊಳಗೆ ನೋಡಿ ಗಡ್ಡೆ ಅಳೀತೀಯೇನೇ?” ಎಂದು ಮಗಳನ್ನು ಕೇಳಿದ್ದರು. ಆಮೇಲಾಮೇಲೆ ಬೆಳಗಿನ ಕಾಫಿಯ ಜೊತೆ ಕನ್ನಡಕ ಏರಿಸಿ ಫೋನ್ ನೋಡತೊಡಗಿದರು. ಮಗಳ ಮೇಲಿನ ಮುದ್ದಿಗೆ ನೋಡುತ್ತಾರೆ ಎಂದುಕೊಂಡೆವು.

ಡಿಸೆಂಬರಿನ ಆ ಶುಕ್ರವಾರದ ಮಾತು. ಸಂಘದ ಕಾರ್ಯದರ್ಶಿ ಬೆವ್ ವಾರವಿಡೀ ನನ್ನ ಕಿವಿ ತಿಂದಿದ್ದಳು. ಮಂಜುಗಡ್ಡೆಯ ದಪ್ಪ ಅಂಗುಲದಲ್ಲಿದೆ, ಅದನ್ನು ಸೆಂಟಿಮೀಟರ್ ಮಾಡಿಕೊಡಿ, ಮೇಲಿನವರು ಕೇಳುತ್ತಿದ್ದಾರೆ ಎಂದು. ವೆರ್ನಾ ಅದಕ್ಕೆ ಕೂತಳು. ‘ದಪ್ಪ’ ಎಂದಿದ್ದ ಹೆಸರನ್ನು ತೆಗೆದು ‘ದಪ್ಪ ಸೆಂಟಿಮೀಟರಿನಲ್ಲಿ’ ಎಂದು ಬರೆದಳು. ದುಭಾಷಿ ಸಾಧನ ಅಲ್ಲೇ ನಿಂತು ಕೇಳಿತು: ಹಳೆಯ ಅಂಕಣಕ್ಕೇ ಈ ಹೊಸ ಹೆಸರು ಇಟ್ಟಿದ್ದೀಯಾ? ಹೌದೋ, ಅಲ್ಲವೋ?

ಇನ್ಯಾರಾದರೂ ಆಗಿದ್ದರೆ ‘ಹೌದು’ ಒತ್ತುತ್ತಿದ್ದರು. ಒತ್ತಿದ್ದರೆ ಅಂಗುಲದ ಅಂಕಿಗಳೆಲ್ಲ ಇದ್ದಲ್ಲೇ ಇರುತ್ತಿದ್ದವು, ಆಮೇಲೆ ಗುಣಿಸಿಕೊಂಡರೆ ಮುಗಿಯುತ್ತಿತ್ತು. ಆದರೆ ಕೂತಿದ್ದವಳು ವೆರ್ನಾ. ಕುರ್ಚಿ ತಿರುಗಿಸಿ ನನ್ನನ್ನು ಕೇಳಿದಳು.

“ನೆಟ್ಟಿ, ಅಂಗುಲವೂ ಸೆಂಟಿಮೀಟರೂ ಒಂದೇನಾ?”

“ಒಂದೇ ಹೇಗಾಗುತ್ತೆ? ಬೇರೆ ಬೇರೆ.”

“ಹಾಗಾದ್ರೆ ಇದು ಬರೀ ಹೆಸರು ಬದಲಾಗಿದ್ದಲ್ಲ ಅಲ್ವಾ? ಬೇರೆ ವಸ್ತುವೇ.”

ನಾನು ಗುಲಾಬಿ ಸಕ್ಕರೆ ಬಳಿದ ಪರ್ಷಿಯನ್ ಬನ್ನು ತಿನ್ನುತ್ತಿದ್ದೆ. “ನಿನ್ನ ಪುರಾಣ ನಿನಗೇ ಇರಲಿ” ಎಂದೆ. ಅವಳು ‘ಅಲ್ಲ’ ಎಂದು ಒತ್ತಿದಳು. ಸತ್ಯವಾದ ಉತ್ತರ. ದೇವರಾಣೆಗೂ ಸತ್ಯ.

‘ಅಲ್ಲ’ ಎಂದರೆ ಆ ಸಾಧನಕ್ಕೆ ಅರ್ಥವಾಗುವುದು ಒಂದೇ: ಹಳೆಯ ಅಂಕಣ ಬೇಡವಾಗಿದೆ, ಅದನ್ನು ಕಿತ್ತು ಬಿಸಾಡು, ಹೊಸದೊಂದನ್ನು ಖಾಲಿಯಾಗಿ ಮಾಡು. ಆಮೇಲೆ ಅದು ಎರಡನೆಯ ಪ್ರಶ್ನೆ ಕೇಳಿತು. ಹೊಸ ಅಂಕಣ ಖಾಲಿ ಇರುವಂತಿಲ್ಲ, ಈಗಿರುವ ಸಾಲುಗಳಿಗೆಲ್ಲ ಸದ್ಯಕ್ಕೆ ಏನು ತುಂಬಲಿ? ವೆರ್ನಾ ಮೂವತ್ತು ಎಂದು ಹೊಡೆದಳು. ನಮ್ಮ ಪರೀಕ್ಷೆಗೆ ಇಟ್ಟುಕೊಂಡ ಸುಳ್ಳು ಅಳತೆಗಳೆಲ್ಲ ಮೂವತ್ತೇ ಆಗಿದ್ದವು. ಇದೆಲ್ಲ ತನ್ನ ಕಂಪ್ಯೂಟರಿನಲ್ಲಿ ಮಾತ್ರ, ಸೋಮವಾರ ಬಂದು ಅಂಗುಲಗಳನ್ನು ಗುಣಿಸುವ ಭಾಗ ಬರೆದು ಸೇರಿಸುತ್ತೇನೆ ಎಂಬುದು ಅವಳ ಲೆಕ್ಕ. ಪರೀಕ್ಷೆಗಳನ್ನು ಓಡಿಸಿದಳು. ಎಲ್ಲ ಹಸಿರು, ಎಂದರೆ ಪಾಸು. ಅರ್ಧವಾದ ಕೆಲಸವನ್ನು ಎಲ್ಲರ ಕೆಲಸ ಇಡುವ ಜಾಗದಲ್ಲಿಟ್ಟು ಕೋಟು ಹಾಕಿಕೊಂಡಳು. ಹಲ್ಲಿನ ಡಾಕ್ಟರ ಬಳಿ ಹೋಗಬೇಕಿತ್ತು.

ಬಾಗಿಲಲ್ಲಿ ಕರ್ಟಿಸ್ ಎದುರಾದ. “ಸೆಂಟಿಮೀಟರ್ ವಿಷ್ಯ ಏನಾಯ್ತು? ಪರೀಕ್ಷೆ ಹಸಿರಾ?”

“ಹಸಿರು” ಎಂದಳು ವೆರ್ನಾ.

ಮುಗೀತಾ ಎಂದು ಅವನು ಕೇಳಲಿಲ್ಲ. ಕೇಳಿದ್ದರೆ ಇಲ್ಲ ಎನ್ನುತ್ತಿದ್ದಳು. ಅವನು ಕೇಳಿದ್ದಕ್ಕಷ್ಟೇ ಉತ್ತರ ಹೇಳಿ ಮೆಟ್ಟಿಲಿಳಿದಳು.

ಶುಕ್ರವಾರ ಏನನ್ನೂ ಹೊರಗೆ ಬಿಡಬಾರದು ಎಂಬುದು ನಮ್ಮ ಕಸುಬಿನವರ ಮಡಿ. ಶನಿವಾರ ಭಾನುವಾರ ನೋಡುವವರು ಯಾರೂ ಇರುವುದಿಲ್ಲ. ಅದನ್ನೇ ನಾನು ಕರ್ಟಿಸನಿಗೆ ಹೇಳಿದೆ. “ಏ ನೆಟ್ಟಿ, ನೀವು ನಮ್ಮಜ್ಜಿಗಿಂತ ಹೆಚ್ಚು ಹೆದರ್ತೀರಿ. ಬೆವ್ ಬಾಯಿ ಮುಚ್ಚಲಿ ಬಿಡಿ” ಎಂದು ನಕ್ಕು ಹೊರಗೆ ಬಿಡುವ ಗುಂಡಿ ಒತ್ತಿದ. ವೆರ್ನಾಳ ಅರ್ಧ ಕೆಲಸ ಎಲ್ಲರ ಕೆಲಸ ಇಡುವ ಜಾಗದಿಂದ ನಿಜವಾದ ಡೇಟಾಬೇಸಿಗೆ ಹೋಯಿತು.

ಮರುದಿನ ಬೆಳಿಗ್ಗೆ ನಾನೂ ವೆರ್ನಾಳೂ ಎಂದಿನಂತೆ ಬೇ ರಸ್ತೆಯ ಹೋಟೆಲಿನಲ್ಲಿ ತೆಳ್ಳನೆಯ ಪ್ಯಾನ್‌ಕೇಕ್ ತಿನ್ನಲು ಕೂತಿದ್ದೆವು. ಅವಳ ಅರ್ಧ ಬಾಯಿ ಇನ್ನೂ ಊದಿಕೊಂಡಿತ್ತು. ಪಕ್ಕದ ಮೇಜಿನವನೊಬ್ಬ ಫೋನ್ ಹಿಡಿದು ಗೆಳೆಯನಿಗೆ ಹೇಳುತ್ತಿದ್ದ: “ನೋಡೋ, ಈ ಸಲ ಎಂಥಾ ಚಳಿ. ಇಡೀ ಕೆಟಲ್ ಹಸಿರು ಮಾರಾಯ.”

ವೆರ್ನಾ ಫೋರ್ಕನ್ನು ತಟ್ಟೆಯ ಮೇಲಿಟ್ಟಳು. ತನ್ನ ಫೋನ್ ತೆಗೆದಳು. ನಾನೂ ಬಗ್ಗಿ ನೋಡಿದೆ. ಅಯ್ಯೋ ದೇವರೇ. ದಡದಿಂದ ದಡಕ್ಕೆ ಹಸಿರು. ಒಂದು ಚುಕ್ಕೆ ಒತ್ತಿದಳು, ಮೂವತ್ತು. ಇನ್ನೊಂದು, ಮೂವತ್ತು. ಆಮೇಲೆ ಹೊಳೆಯ ಬಾಯಿ ಒತ್ತಿದಳು. ಯಾವ ಚಳಿಗೂ ಗಟ್ಟಿಯಾಗದ ಆ ಜಾಗದಲ್ಲಿಯೂ ಮೂವತ್ತು ಸೆಂಟಿಮೀಟರ್ ಗಡ್ಡೆ, ಬೇಕಾದರೆ ಕಾರು ಓಡಿಸಿಕೊಂಡು ಹೋಗಿ ಎಂದು ನಮ್ಮದೇ ಸರ್ವರ್ ಊರಿಗೆಲ್ಲ ಹೇಳುತ್ತಿತ್ತು.

“ನನ್ನ ಮೂವತ್ತು” ಎಂದಳು ವೆರ್ನಾ. “ನೆಟ್ಟಿ, ಅದು ನಾನು ಹಾಕಿದ ಮೂವತ್ತು. ಹೊರಗೆ ಹೇಗೆ ಹೋಯ್ತು? ಯಾರು ಬಿಟ್ಟಿದ್ದು?”

ಆಮೇಲೆ ಇನ್ನೇನೋ ನೆನಪಾಗಿ ಕೈ ಬಾಯಿಗೆ ಹೋಯಿತು. “ಅಪ್ಪ ಬೆಳಿಗ್ಗೆನೇ ಮೀನಿಗೆ ಹೊರಟಿದ್ದಾನೆ.”

ಪಕ್ಕದ ಮೇಜಿನವನ ಕೈಯಿಂದ ನಾನು ಫೋನ್ ಕಿತ್ತುಕೊಂಡು, “ಇದು ಸುಳ್ಳು, ಎಲ್ಲ ಸುಳ್ಳು, ಯಾರೂ ಹೋಗ್ಬೇಡಿ” ಎಂದು ಇಡೀ ಹೋಟೆಲಿಗೆ ಕೇಳುವಂತೆ ಕೂಗಿದೆ. ಜನ ನನ್ನನ್ನು ಹುಚ್ಚಿ ಎಂದುಕೊಂಡರೋ ಏನೋ. ಕರ್ಟಿಸನಿಗೆ ಫೋನ್ ಹಚ್ಚಿ, ಹಲೋ ಎನ್ನುವ ಮೊದಲೇ ಬೈದೆ. “ಸರ್ವರ್ ಮುಚ್ಚು. ಈಗ್ಲೇ ಮುಚ್ಚು. ಯಾಕೆ ಅಂತ ಕೇಳಿದ್ರೆ ಅಲ್ಲೇ ಬಂದು ಹಲ್ಲು ಉದುರಿಸ್ತೀನಿ.” ಅವನು ಯಾಕೆಂದು ಕೇಳಲಿಲ್ಲ, ಮುಚ್ಚಿದ. ನಾನು ವಿಷಯ ಹೇಳಿದ್ದೇ ತಡ, ಬೆವ್ ಸಂಘದವರಿಗೆಲ್ಲ ಫೋನ್ ಮಾಡತೊಡಗಿದಳು. ಓಲಾವಿಯ ಫೋನ್ ಮಾತ್ರ ರಿಂಗಾಗುತ್ತಲೇ ಇರಲಿಲ್ಲ.

ಕಾರು ನಾನೇ ಓಡಿಸಿದೆ. ವೆರ್ನಾ ಅಪ್ಪನ ನಂಬರನ್ನು ಮತ್ತೆ ಮತ್ತೆ ಒತ್ತುತ್ತಿದ್ದಳು.

“ನಿಮ್ಮಪ್ಪ ಕೊರೀದೆ ಹೆಜ್ಜೆ ಇಡೋ ಪೈಕಿನಾ? ಹೇಳು” ಎಂದೆ. “ಆ ಆಪ್ ಆಕಾಶಾನೇ ಹಸಿರು ಅಂದ್ರೂ ಅವರು ಬೈರಿಗೆ ತಿರುಗಿಸಿಯೇ ಮುಂದೆ ಹೋಗೋದು. ಊರೆಲ್ಲ ನಗೋದು ಅದಕ್ಕೇ ತಾನೆ?”

“ಹೌದು” ಎಂದಳು. “ಹೌದು, ಅಪ್ಪ ಕೊರೀತಾನೆ.” ಸ್ವಲ್ಪ ಉಸಿರಾಡಿದಳು. ನನಗೂ ಧೈರ್ಯ ಬಂತು. ಮನೆ ದಾರಿಯಲ್ಲೇ ಇತ್ತು. ಹಗ್ಗವನ್ನೂ ಕಂಬಳಿಗಳನ್ನೂ ತಗೊಂಡು ಹೋಗೋಣ ಎಂದು ಇಳಿದೆವು.

ಮುಂಬಾಗಿಲು ತೆಗೆದ ವೆರ್ನಾ ಹೊಸ್ತಿಲಲ್ಲೇ ನಿಂತುಬಿಟ್ಟಳು. ನಾನು ಅವಳ ಹೆಗಲ ಮೇಲಿಂದ ಒಳಗೆ ನೋಡಿದೆ. ಕೋಟುಗಳ ಪಕ್ಕದ ಗೋಡೆಯ ಮೊಳೆಯಲ್ಲಿ ಬೈರಿಗೆ ನೇತಾಡುತ್ತಿತ್ತು. ಎಪ್ಪತ್ತು ಚಳಿಗಾಲ ಆ ಮನುಷ್ಯನ ಕೈ ಬಿಡದ ಬೈರಿಗೆ, ಎಣ್ಣೆ ಹಚ್ಚಿ ಒರೆಸಿ ತೂಗುಹಾಕಿತ್ತು. ಬೂಟುಗಳಿರಲಿಲ್ಲ, ಮುಸ್ತಿಯ ಹಗ್ಗವಿರಲಿಲ್ಲ, ಅಂಗಳದಲ್ಲಿ ಸ್ನೋಮೊಬೈಲ್ ಇರಲಿಲ್ಲ.

“ಬಿಟ್ಟು ಹೋಗಿದ್ದಾನೆ” ಎಂದಳು ವೆರ್ನಾ. ಅದನ್ನೇ ಮತ್ತೆ ಮತ್ತೆ ಹೇಳಿದಳು. ನಾನು ಅವಳ ರಟ್ಟೆ ಹಿಡಿದು ಕಾರಿಗೆ ಎಳೆದೆ. ಹಗ್ಗ, ಕಂಬಳಿ ಎರಡೂ ಮರೆತೇಹೋಗಿದ್ದವು.

ದಡದಿಂದ ಸ್ನೋಮೊಬೈಲಿನ ಜಾಡು ಸೀದಾ ಹೊಳೆಯ ಬಾಯಿಯ ಕಡೆಗೆ ಹೋಗಿತ್ತು. ಅಲ್ಲಿ ಮೀನು ಚೆನ್ನಾಗಿ ಸಿಗುತ್ತದೆ ಎಂದು ಎಲ್ಲರಿಗೂ ಗೊತ್ತು, ಯಾರೂ ಹೋಗುವುದಿಲ್ಲ. ಆ ಜಾಡು ಬಿಳಿಯ ಮೇಲೆ ನೆಟ್ಟಗೆ ಹೋಗಿ ಹೋಗಿ, ಕಪ್ಪು ನೀರಿನ ಅಂಚಿನಲ್ಲಿ ನಿಂತುಹೋಗಿತ್ತು. ನೀರಿನ ಮೇಲೆ ಒಂದು ಕೆಂಪು ಟೋಪಿ ತೇಲುತ್ತಿತ್ತು. ವೆರ್ನಾ ಗಡ್ಡೆಯ ಮೇಲೆ ಓಡತೊಡಗಿದಳು. ನಾನು ಹಿಂದಿನಿಂದ ಅವಳ ಕೋಟು ಹಿಡಿದು ಎಳೆದು ಕೆಡವಿದೆ, ಅವಳ ಮೇಲೇ ಕೂತುಬಿಟ್ಟೆ. ಅವಳು ನನ್ನನ್ನು ಗುದ್ದಿದಳು, ಪರಚಿದಳು. ಬಿಡಲಿಲ್ಲ ನಾನು.

“ಏ ಹೆಂಗಸರೇ! ಇಲ್ಲಿ, ಇಲ್ಲಿದಾನೆ!”

ದಡದ ಮೇಲಿನ ತನ್ನ ಮರದ ಕ್ಯಾಂಪ್ ಮನೆಯ ಬಾಗಿಲಲ್ಲಿ ನಿಂತು ಟೌನೋ ಎಂಬ ನೆರೆಯವ ಕೈ ಬೀಸುತ್ತಿದ್ದ.

ಒಳಗೆ ಒಲೆಯ ಮುಂದೆ, ಮನೆಯಲ್ಲಿದ್ದ ಕಂಬಳಿಗಳನ್ನೆಲ್ಲ ಸುತ್ತಿಕೊಂಡು ಓಲಾವಿ ಕೂತಿದ್ದರು. ತುಟಿ ನೀಲಿ, ಹುಬ್ಬಿನಲ್ಲಿ ಇನ್ನೂ ಮಂಜಿನ ಹರಳು. ಕೊರಳಿಗೆ ದಾರ ಕಟ್ಟಿ ನೇತುಹಾಕಿಕೊಳ್ಳುವ ಎರಡು ಮೊಳೆಗೋಲುಗಳನ್ನು ಗಡ್ಡೆಗೆ ಚುಚ್ಚಿ ಚುಚ್ಚಿ ತಾವೇ ತೆವಳಿ ಮೇಲೆ ಬಂದಿದ್ದರಂತೆ. ಅವರ ಕೂಗು ಕೇಳಿ ಟೌನೋ ಏಣಿ ಚಾಚಿ ಎಳೆದುಕೊಂಡಿದ್ದ. ಆಂಬುಲೆನ್ಸ್ ಬರುತ್ತಿದೆ ಎಂದ.

ವೆರ್ನಾ ಮಂಡಿಯೂರಿ ಅಪ್ಪನ ಕೈಗಳನ್ನು ಹಿಡಿದುಕೊಂಡಳು. ಸುತ್ತ ನೋಡಿದಳು. “ಮುಸ್ತಿ?”

ಓಲಾವಿ ಇಲ್ಲವೆಂದು ತಲೆಯಾಡಿಸಿದರು. “ಬಂಡಿಗೆ ಕಟ್ಟಿದ್ದೆ ಕಣಮ್ಮ. ಬಿಚ್ಚೋಕಾಗ್ಲಿಲ್ಲ.”

ಆಗ ವೆರ್ನಾ ಕೇಳಬಾರದಿತ್ತು. ಅವಳಿಗೆ ಉತ್ತರ ಗೊತ್ತಿತ್ತೆಂದು ನನಗೆ ಈಗಲೂ ಅನಿಸುತ್ತದೆ. ಆದರೂ ಕೇಳಿದಳು.

“ಅಪ್ಪ, ಯಾಕೆ ಕೊರೀಲಿಲ್ಲ ನೀನು? ಬೈರಿಗೆ ಯಾಕೆ ಬಿಟ್ಟು ಹೋದೆ?”

ಹಲ್ಲು ಕಟಕಟ ಎನ್ನುತ್ತಿದ್ದರೂ ಆ ಮುದುಕಪ್ಪನ ದನಿಯಲ್ಲಿ ಒಂದಿಷ್ಟೂ ಸಿಟ್ಟಿರಲಿಲ್ಲ. ಇಂಥ ಪ್ರಶ್ನೆಯನ್ನೂ ಯಾರಾದರೂ ಕೇಳುತ್ತಾರೆಯೇ ಎಂಬ ಆಶ್ಚರ್ಯವಷ್ಟೇ ಇತ್ತು. “ಹೊಳೆಬಾಯಲ್ಲಿ ಮೂವತ್ತು ಅಂತಿತ್ತು. ನಂಗೂ ಏನಪ್ಪಾ ಇದು ಅನ್ನಿಸ್ತು. ಆದ್ರೆ ಬರ್ದಿದ್ದು ನೀನಲ್ವಾ? ನೀನು ಹುಟ್ಟಿದಾಗಿನಿಂದ ಒಂದು ಸುಳ್ಳು ಹೇಳಿದ್ದು ನಾ ಕಂಡಿಲ್ಲ. ಮಗಳು ಹೇಳಿದ ಮೇಲೆ ಮತ್ತೆ ಕೊರೆದು ನೋಡಿದ್ರೆ ನಿನಗೆ ಅವಮಾನ ಅಲ್ವೇನೇ?”

ಟೌನೋ ಪಾತ್ರೆಯ ಬಿಸಿನೀರನ್ನು ಲೋಟಕ್ಕೆ ಬಗ್ಗಿಸುತ್ತಿದ್ದ. ಅದು ತುಂಬಿ ನೆಲಕ್ಕೆ ಚೆಲ್ಲುತ್ತಿದ್ದರೂ ಅವನಿಗೆ ಗೊತ್ತಾಗಲಿಲ್ಲ. ನಾನು ಪಾತ್ರೆಯನ್ನು ಅವನ ಕೈಯಿಂದ ತೆಗೆದು ಒಲೆಯ ಮೇಲಿಟ್ಟೆ.

ಡೇಟಾ ಎಲ್ಲ ಮರಳಿತು. ಗುಂಡಿ ಒತ್ತುವುದಕ್ಕೆ ಮುಂಚಿನ ನಕಲು ಇತ್ತು. ಸೋಮವಾರ ಬೆಳಿಗ್ಗೆ ಕಾಫಿ ಆರುವುದರೊಳಗೆ ಒಂದೊಂದು ಅಂಗುಲವೂ ಇದ್ದಲ್ಲಿಗೆ ಬಂದು ಕೂತಿತು. ಮುಸ್ತಿ ಬರಲಿಲ್ಲ. ಕರ್ಟಿಸ್ ಓಲಾವಿಯ ಮುಂದೆ ನಿಂತು ಅತ್ತ. ಅವರು ಅವನ ಬೆನ್ನು ತಟ್ಟಿ, “ಗುಂಡಿ ಅಂದ್ಮೇಲೆ ಒತ್ತೋದೇ ಕಣೋ” ಎಂದರು. ವೆರ್ನಾ ರಾಜೀನಾಮೆ ಕೊಟ್ಟಳು. ನಾನು ಅದನ್ನು ಹರಿದು ಅವಳ ಕಾಫಿ ಲೋಟಕ್ಕೇ ಹಾಕಿದೆ. “ಓಡಿ ಹೋಗ್ತೀಯಾ? ಇನ್ನೊಬ್ಬಳು ಬಂದು ಇದನ್ನೇ ಮಾಡ್ಲಿ ಅಂತಾನಾ?” ಎಂದು ಕೂಗಾಡಿದೆ. ಉಳಿದಳು. ಅಂಗುಲವನ್ನು ಸೆಂಟಿಮೀಟರ್ ಮಾಡುವ ಕೆಲಸವನ್ನು ಅವಳೇ ಮಾಡಿ ಮುಗಿಸಿದಳು. ಈಗ ಆ ಸಾಧನ ಹೌದೋ ಅಲ್ಲವೋ ಎಂದು ಕೇಳಿದರೆ ಕೈಗಳನ್ನು ಮಡಿಲಲ್ಲಿಟ್ಟುಕೊಂಡು, “ನೆಟ್ಟಿ, ಬಾ ಇಲ್ಲಿ” ಎನ್ನುತ್ತಾಳೆ. ಹೌದು ಅಂದರೆ ಇದು ಏನು ಮಾಡುತ್ತೆ, ಅಲ್ಲ ಅಂದರೆ ಏನು ಮಾಡುತ್ತೆ ಎಂದು ಇಬ್ಬರೂ ಓದುತ್ತೇವೆ. ಕೆಲಸ ನಿಧಾನವಾಗಿದೆ. ಕರ್ಟಿಸ್ ಪಿಟ್ಟೆನ್ನುವುದಿಲ್ಲ.

ಅದರ ಮುಂದಿನ ಚಳಿಗಾಲ ಮೊದಲ ಗಡ್ಡೆ ಬಿದ್ದ ವಾರ ನಾನು ಅವರ ಮನೆಗೆ ಕಾಫಿಗೆ ಹೋಗಿದ್ದೆ. ಓಲಾವಿ ಮೇಜಿನ ಬಳಿ ಕನ್ನಡಕ ಏರಿಸಿ ಕೂತಿದ್ದರು, ಕೈಯಲ್ಲಿ ಫೋನು. ನನ್ನ ಕಣ್ಣನ್ನೇ ನಂಬಲಾಗಲಿಲ್ಲ. ಅದೇ ಆಪ್, ಅದೇ ಸರೋವರ.

“ನಿಮಗೇನು ಬುದ್ಧಿಗಿದ್ಧಿ ಇದೆಯಾ?” ಎಂದು ಕಿರುಚಿಯೇಬಿಟ್ಟೆ. “ಇನ್ನೂ ಅದನ್ನ ನೋಡ್ತಿದೀರಾ?”

“ಮತ್ಯಾವುದನ್ನ ನೋಡ್ಲಿ? ನನ್ನ ಮಗಳು ಬರ್ದಿದ್ದು” ಎಂದರು. ಆಮೇಲೆ ಫೋನನ್ನು ವೆರ್ನಾಳ ಕಡೆ ತಿರುಗಿಸಿದರು. “ಪೂರ್ವದ ಕಡೆ ಹದಿನೆಂಟು ಅಂತಿದೆ. ಹೋಗ್ಲಾ?”

ಗಡಿಯ ಅಧಿಕಾರಿ ಕೇಳಿದರೆ ಅರ್ಧ ಸ್ಯಾಂಡ್‌ವಿಚ್ಚಿಗೂ ಉತ್ತರ ಕೊಟ್ಟವಳು ವೆರ್ನಾ. ಅಂದು ಅಪ್ಪನ ಮುಖ ನೋಡಿದಳು, ಫೋನ್ ನೋಡಿದಳು. ಎದ್ದು ಬೂಟು ಹಾಕಿಕೊಂಡಳು. ಮೊಳೆಯಿಂದ ಬೈರಿಗೆ ತೆಗೆದು ಹೆಗಲಿಗೇರಿಸಿ ಬಾಗಿಲು ತೆರೆದು ಹೊರಟಳು. ಅಪ್ಪ ಹಿಂದೆ, ನಾನು ಅವರ ಹಿಂದೆ. ದಡ ತಲುಪಿದ ಮೇಲೆ ನಮ್ಮಿಬ್ಬರನ್ನೂ ಅಲ್ಲೇ ನಿಲ್ಲಿಸಿ, ಒಬ್ಬಳೇ ಗಡ್ಡೆಯ ಮೇಲೆ ಕೊರೆಯುತ್ತ ಕೊರೆಯುತ್ತ ಮುಂದೆ ಹೋದಳು.